ಆರು ಪಥದ ರಸ್ತೆಗೆ ಪದ್ಮಿನಿ, ಅಂಬಾಸಿಡರ್

ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ ಹಾದು ಹುಬ್ಬಳ್ಳಿ, ಬೆಳಗಾವಿಗೆ ಹೋಗುವ ಹೆದ್ದಾರಿಗೆ ಈಗ 48 ಎಂಬ ಸಂಖ್ಯೆ. ಹಳಬರ ಬಾಯಲ್ಲಿ ಅದಿನ್ನೂ ಪೂನಾ ರೋಡೇ. ಅಂಬಾಸಿಡರ್, ಫಿಯೆಟ್ ಕಾರುಗಳು ಹೊಸದಾಗಿದ್ದ ಕಾಲದಲ್ಲಿ ಆ ರಸ್ತೆಯ ಡಾಂಬರು ಕಿರಿದು. ಎದುರಿನಿಂದ ಲಾರಿ ಬಂದರೆ ಎಡಗಡೆಯ ಚಕ್ರಗಳನ್ನು ಮಣ್ಣಿಗಿಳಿಸಿ ದಾರಿ ಬಿಡಬೇಕಿತ್ತು. ಗಂಟೆಗೆ 60 ಕಿ.ಮೀ. ಎಂದರೆ ಜೋರು ಓಟ. ನಡುನಡುವೆ ಊರು, ಸಂತೆ, ದನಕರು, ರೈಲ್ವೆ ಗೇಟು ಅಡ್ಡ ಬರುತ್ತಿದ್ದವು. ಎಂಜಿನ್ನಿಗೂ ಬ್ರೇಕಿಗೂ ತಣಿಯಲು ಸಮಯ ಸಿಗುತ್ತಿತ್ತು. ಇವತ್ತು ಅದೇ ದಾರಿಯಲ್ಲಿ ನೆಲಮಂಗಲ ದಾಟಿದ ಮೇಲೆ ತಡೆಯೆಂದರೆ ಟೋಲ್ ಗೇಟು ಮಾತ್ರ. ಅಕ್ಕಪಕ್ಕದ ವಾಹನಗಳು ನೂರರ ವೇಗದಲ್ಲಿ ಓಡುತ್ತವೆ. ಬೆಂಗಳೂರು–ಮೈಸೂರು ರಸ್ತೆಯಂತೂ 2023ರಲ್ಲಿ ಪೂರ್ತಿ ಬೇರೆಯೇ ರಸ್ತೆಯಾಯಿತು. ಆ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯ ಪಥಗಳಿಗೆ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ನಲವತ್ತು ಐವತ್ತು ವರ್ಷದ ಕಾರಿಗೆ ಪ್ರವೇಶವಿದೆ. ಅದು ಅಲ್ಲಿ ನೆಮ್ಮದಿಯಾಗಿ ಓಡಬೇಕಾದರೆ ಏನೇನು ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದು ಹಳೆಯ ಕಾರು ಸಾಕುವವರ ನಡುವೆ ಸದಾ ನಡೆಯುವ ಚರ್ಚೆ.

ಈ ತೊಡಕು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಂಬಾಸಿಡರ್‌ನ ಮೂಲವಾದ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಬ್ರಿಟನ್ನಿನಲ್ಲಿ ಬಂದದ್ದು 1956ರಲ್ಲಿ. ಆಗ ಆ ದೇಶದಲ್ಲಿ ಮೋಟರ್‌ವೇ ಇರಲಿಲ್ಲ. 1959ರ ನವೆಂಬರ್‌ನಲ್ಲಿ ಎಂ1 ತೆರೆದಾಗ, ಒಂದೇ ಸಮನೆ ಜೋರಾಗಿ ಓಡಿ ಅಭ್ಯಾಸವಿಲ್ಲದ ಸಂಸಾರಸ್ಥರ ಕಾರುಗಳು ಹೊಗೆಯಾಡುತ್ತ ರಸ್ತೆಯಂಚಿಗೆ ನಿಂತವು. ಇಟಲಿಯ ಕತೆ ಬೇರೆ. ಮಿಲಾನಿನಿಂದ ಸರೋವರಗಳ ಕಡೆಗೆ ಹೋಗುವ ಆಟೊಸ್ಟ್ರಾಡಾ 1924ರಲ್ಲೇ ತೆರೆದಿತ್ತು. ಫಿಯೆಟ್ 1100 ವಂಶದ ಕಾರುಗಳು ಆ ನೆಲದಲ್ಲಿ ಬೆಳೆದವು. ಆ ವಂಶದ್ದೇ ಆದ ಪದ್ಮಿನಿಯ 1089 ಸಿಸಿ ಎಂಜಿನ್ನಿನ ಸ್ಟ್ರೋಕ್ 75 ಮಿ.ಮೀ., ಅಂಬಾಸಿಡರ್‌ನ 1489 ಸಿಸಿಯದು 88.9 ಮಿ.ಮೀ. ನಿಮಿಷಕ್ಕೆ 3000 ಸುತ್ತಿನಲ್ಲಿ ಪದ್ಮಿನಿಯ ಪಿಸ್ಟನ್ ಸರಾಸರಿ ಸೆಕೆಂಡಿಗೆ ಏಳೂವರೆ ಮೀಟರು ಓಡಿದರೆ ಅಂಬಾಸಿಡರ್‌ನದು ಒಂಬತ್ತರ ಹತ್ತಿರ ಓಡಬೇಕು. ಫಿಯೆಟ್ ಎಂಜಿನ್ ಸುತ್ತಿಗೆ ಹೆದರುವುದಿಲ್ಲ, ಅಂಬಾಸಿಡರ್ ಎಳೆತಕ್ಕೆ ಹೆದರುವುದಿಲ್ಲ ಎಂದು ಮೇಸ್ತ್ರಿಗಳು ಹೇಳುವುದಕ್ಕೆ ಕಾರಣ ಇಲ್ಲಿದೆ. ಹೆದ್ದಾರಿಗೆ ಸಜ್ಜು ಮಾಡುವಾಗ ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ನಮ್ಮಲ್ಲಿ ವಿಂಟೇಜ್ ಎಂಬ ಮಾತನ್ನು ಹಳೆಯ ಕಾರಿಗೆಲ್ಲ ಅಂಟಿಸುತ್ತೇವೆ. ಕಾನೂನಿನಲ್ಲಿ ಅದಕ್ಕೆ ನಿಖರವಾದ ಗೆರೆಯಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಇದರಲ್ಲಿ ಬಹಳ ಮಂದಿ ಗಮನಿಸದ ಮಾತೊಂದಿದೆ: ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ಮತ್ತು ದುರಸ್ತಿಯಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕಲ್ಲ. ಆದ್ದರಿಂದ ಹೆದ್ದಾರಿಯ ಕನಸಿರುವವರು ಆ ಪ್ಲೇಟಿಗೆ ಅರ್ಜಿ ಹಾಕುವ ಮೊದಲೇ ಯೋಚಿಸಬೇಕು. ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡು ಹೋಗುವವರಿಗೂ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಇದೆ. ತಯಾರಕರು ಕೊಟ್ಟ ಮೂಲ ವಿವರಗಳಿಂದ ದೂರ ಸರಿಯುವ ಬದಲಾವಣೆಗೆ ಅದು ಒಪ್ಪುವುದಿಲ್ಲ; ಎಂಜಿನ್ ಬದಲಿಸಬೇಕಾದರೆ ಆರ್‌ಟಿಓ ಅನುಮತಿ ಬೇಕು.

ಸಾಕುವವರಲ್ಲಿ ಎರಡು ಪಂಗಡ. ಒಂದು ನಟ್ಟನ್ನೂ ಬದಲಿಸಬಾರದು ಎನ್ನುವವರು ಒಂದು ಕಡೆ. ಹೊರಗೆ ಹಳೆಯ ಮೈ ಇರಲಿ, ಒಳಗೆ ಈ ಕಾಲದ ಎಂಜಿನ್, ಐದು ಗೇರ್, ಪವರ್ ಸ್ಟೀರಿಂಗ್, ಎಸಿ ಎಲ್ಲ ಇರಲಿ ಎನ್ನುವವರು ಇನ್ನೊಂದು ಕಡೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಮಧ್ಯದ ದಾರಿಯೊಂದನ್ನು ತೋರಿಸಿತು. ಸುರಕ್ಷತೆಗೋ ಬಳಕೆಗೋ ಬದಲಾವಣೆ ಅನಿವಾರ್ಯವಾದರೆ ಮೂಲ ರಚನೆಗೆ ಆದಷ್ಟು ಕಡಿಮೆ ಏಟು ಬೀಳಲಿ, ಮುಂದೊಂದು ದಿನ ಅದನ್ನು ತೆಗೆದು ಹಿಂದಿನಂತೆ ಮಾಡುವಂತಿರಲಿ ಎಂಬುದು ಅದರ ತಿರುಳು. ನನ್ನ ಒಲವು ಈ ದಾರಿಯ ಕಡೆಗೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಹೆದ್ದಾರಿಯಲ್ಲಿ ಹಳೆಯ ಕಾರು ಕೊಡುವ ಕಾಟದಲ್ಲಿ ಬಹುಪಾಲು ಅದರ ವಿನ್ಯಾಸದ ತಪ್ಪಲ್ಲ; ದಶಕಗಳ ಸವೆತ ಮತ್ತು ಅಡ್ಡಾದಿಡ್ಡಿ ರಿಪೇರಿಯ ಫಲ. ಕಾರ್ಖಾನೆಯಿಂದ ಹೊರಬಂದ ದಿನ ಪದ್ಮಿನಿ 80ರ ವೇಗದಲ್ಲಿ ನಿರಾಯಾಸವಾಗಿ ಓಡುತ್ತಿತ್ತು. ಮೊದಲು ಅದನ್ನು ಆ ದಿನಕ್ಕೆ ಮುಟ್ಟಿಸಬೇಕು. ಬದಲಾವಣೆಯ ಮಾತು ಆಮೇಲೆ.

ಹೆದ್ದಾರಿಗೆ ಯೋಗ್ಯ ಎನ್ನುವುದಕ್ಕೆ ನಾನು ಇಟ್ಟುಕೊಂಡ ಅಳತೆ ಇಷ್ಟೆ: ಬೇಸಗೆಯ ಮಧ್ಯಾಹ್ನ, ನಾಲ್ಕು ಜನ, ಗಂಟೆಗೆ 80 ಕಿ.ಮೀ., ಮೂರು ಗಂಟೆ ಓಟ; ಚಾಲಕನ ಕಣ್ಣು ಹೀಟ್ ಮೀಟರಿಗೆ ಅಂಟಿಕೊಳ್ಳಬಾರದು. ನೂರು ಮುಟ್ಟಬೇಕೆಂಬ ಹಟ ಬೇಡ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಘನದಂತೆ ಏರುತ್ತದೆ. ಎಂಬತ್ತರಿಂದ ನೂರಕ್ಕೆ ಹೋಗಲು, ಗಾಳಿಯ ಲೆಕ್ಕವೊಂದರಲ್ಲೇ, ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಬೇಕು. ನಲವತ್ತರ ಆಸುಪಾಸಿನ ಅಶ್ವಶಕ್ತಿಯ ಕಾರಿನಿಂದ ಅದನ್ನು ಗಂಟೆಗಟ್ಟಲೆ ಹಿಂಡಿದರೆ ಉಳಿಯುವುದು ಶಬ್ದ ಮತ್ತು ಶಾಖ.

ಕೆಲಸ ಶುರುವಾಗಬೇಕಾದ್ದು ಎಂಜಿನ್ನಿನಿಂದಲ್ಲ, ಬ್ರೇಕಿನಿಂದ. ವೇಗ 60ರಿಂದ 100ಕ್ಕೆ ಏರಿದರೆ ನಿಲ್ಲಿಸಬೇಕಾದ ಚಲನಶಕ್ತಿ ಎರಡೂಮುಕ್ಕಾಲು ಪಟ್ಟಾಗುತ್ತದೆ. ಅಷ್ಟೂ ಶಾಖವಾಗಿ ಡ್ರಮ್ಮುಗಳಿಗೆ ಹೋಗಬೇಕು. ಡ್ರಮ್ ಕಾದಾಗ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಕೆಳಕೆಳಗೆ ಹೋಗುತ್ತದೆ. ಶಿರಾಡಿ, ಚಾರ್ಮಾಡಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಕೊಳವೆ ಜಾಲ. ಯಾವುದೋ ಒಂದು ಚಕ್ರದ ರಬ್ಬರ್ ಹೋಸ್ ಒಡೆದರೆ ನಾಲ್ಕರದ್ದೂ ಬ್ರೇಕ್ ಹೋದಂತೆ. ಹೆದ್ದಾರಿಗೆಂದು ಒಂದೇ ಒಂದು ಹೊಸ ಭಾಗ ಹಾಕಿಸುವಷ್ಟು ಹಣವಿದ್ದರೆ ಅದು ಮುಂದಿನ ಹಿಂದಿನ ಚಕ್ರಗಳನ್ನು ಬೇರ್ಪಡಿಸುವ ಟ್ಯಾಂಡಂ ಮಾಸ್ಟರ್ ಸಿಲಿಂಡರ್ ಆಗಿರಲಿ. ಡಿಸ್ಕ್ ಬ್ರೇಕು, ವ್ಯಾಕ್ಯೂಂ ಬೂಸ್ಟರ್ ಅದರ ನಂತರದ ಮಾತು.

ಡಿಸ್ಕ್ ಹಾಕಿಸುವವರು ಎಡವುವ ಜಾಗವೊಂದಿದೆ. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ, ಕಾಲು ತೆಗೆದ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ಕವಾಟ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟು ಮುಂದೆ ಡಿಸ್ಕ್ ಕೂರಿಸಿದರೆ ಪ್ಯಾಡುಗಳು ಸದಾ ಉಜ್ಜುತ್ತವೆ, ಐವತ್ತು ಕಿ.ಮೀ. ಓಡುವಷ್ಟರಲ್ಲಿ ಚಕ್ರ ಸುಡುತ್ತಿರುತ್ತದೆ, ಮೈಲೇಜು ಬಿದ್ದಿರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಮುಂದಿನ ಬ್ರೇಕು ಬಲವಾಗಿ ಹಿಂದಿನದು ಹಳೆಯದೇ ಉಳಿದಾಗ ಸಮತೋಲ ಹೇಗಿದೆ ಎಂಬುದನ್ನು ಖಾಲಿ ಮೈದಾನದಲ್ಲಿ, ಒಣ ನೆಲದಲ್ಲೂ ಒದ್ದೆ ನೆಲದಲ್ಲೂ ನೋಡಿಯೇ ತೀರ್ಮಾನಿಸಬೇಕು. ಇನ್ನು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲಿನ ಕನಿಷ್ಠ ಮಟ್ಟ 140. ಡಾಟ್ 4ಕ್ಕೆ ಇವು 230 ಮತ್ತು 155. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿದರೆ ಘಾಟಿಯಲ್ಲಿ ಪೆಡಲ್ ಮೆತ್ತಗಾಗುವ ಭಯ ಅರ್ಧಕ್ಕರ್ಧ ಕಡಿಮೆ.

ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆದರೆ ಲೈನರಿಗೆ ಎಣ್ಣೆ ತಾಗಿದೆಯೇ, ವೀಲ್ ಸಿಲಿಂಡರ್ ಸೋರುತ್ತಿದೆಯೇ ನೋಡುತ್ತಾರೆ. ಬ್ರೇಕ್ ಬಿಟ್ಟ ಮೇಲೂ ಎಳೆಯುತ್ತಿದ್ದರೆ, ಒಂದೇ ಚಕ್ರ ಮಾತ್ರ ಬಿಸಿಯಾಗಿದ್ದರೆ, ಹೊರಗೆ ನುಣ್ಣಗೆ ಕಾಣುವ ರಬ್ಬರ್ ಹೋಸು ಒಳಗೆ ಊದಿಕೊಂಡಿರುವ ಸಾಧ್ಯತೆ ಹೆಚ್ಚು. ಪೆಡಲಿನ ಬಲಕ್ಕೆ ಎಣ್ಣೆ ಒಳಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ನೂರಾರು ರೂಪಾಯಿಯ ಈ ಹೋಸನ್ನು ವರ್ಷಗಳ ಲೆಕ್ಕದಲ್ಲಿ ಬದಲಿಸದೆ, ಸಾವಿರಾರು ರೂಪಾಯಿಯ ಅಲಾಯ್ ವೀಲ್ ಹಾಕಿಸಿದ ಕಾರುಗಳನ್ನು ಕಂಡಾಗ ಸಂಕಟವಾಗುತ್ತದೆ.

ಟಯರಿನ ಗೆರೆಗಳು ಎದ್ದು ಕಾಣುತ್ತಿದ್ದರೂ ರಬ್ಬರ್ ಸತ್ತಿರಬಹುದು. ಪಕ್ಕದ ಗೋಡೆಯಲ್ಲಿ ಒತ್ತಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಹಳೆಯ ಕಾರು ಓಡುವುದು ಕಡಿಮೆಯಾದ್ದರಿಂದ ಅದರ ಟಯರು ಸವೆಯುವ ಮೊದಲೇ ಮುಪ್ಪಾಗುತ್ತದೆ. ಆರೇಳು ವರ್ಷ ದಾಟಿದ್ದನ್ನು ಹೆದ್ದಾರಿಯ ಬಿಸಿಲಿಗೆ ಒಯ್ಯಬಾರದು. ಪದ್ಮಿನಿಗೆ 14 ಇಂಚಿನ, ಅಂಬಾಸಿಡರ್‌ಗೆ 15 ಇಂಚಿನ ರೇಡಿಯಲ್ ಹಾಕಿದರೆ ನೇರ ಓಟದಲ್ಲಿ ಸಿಗುವ ಸ್ಥಿರತೆ ಬೇರೆ ಯಾವ ಖರ್ಚಿನಿಂದಲೂ ಸಿಗದು. ಹಳೆಯ ರಿಮ್ಮುಗಳು ಟ್ಯೂಬ್‌ಲೆಸ್‌ಗಾಗಿ ಮಾಡಿದವಲ್ಲ, ಒಳಗೆ ಟ್ಯೂಬು ಬೇಕು. ಒಂದೇ ಆಕ್ಸಲ್ಲಿನಲ್ಲಿ ರೇಡಿಯಲ್ಲನ್ನೂ ಹಳೆಯ ನೈಲಾನ್ ಟಯರನ್ನೂ ಬೆರೆಸಬಾರದು. ಅಗಲ ಟಯರಿನ ಆಸೆಯೂ ಬೇಡ. ಪವರ್ ಸ್ಟೀರಿಂಗ್ ಇಲ್ಲದ ಕಾರಿನಲ್ಲಿ ಅದರ ಬೆಲೆ ಕೊಡುವುದು ಚಾಲಕನ ಭುಜ.

ಸ್ಟೀರಿಂಗ್ ಸಡಿಲವಾಗಿದೆ ಎಂದ ಕೂಡಲೇ ಸ್ಟೀರಿಂಗ್ ಬಾಕ್ಸ್ ಬಿಗಿ ಮಾಡಿಸುವುದು ವಾಡಿಕೆ. ದೋಷ ಸಾಮಾನ್ಯವಾಗಿ ಕಿಂಗ್‌ಪಿನ್, ಟೈರಾಡ್ ಎಂಡ್, ವೀಲ್ ಬೇರಿಂಗುಗಳಲ್ಲಿರುತ್ತದೆ. ಚಕ್ರವನ್ನು ಜ್ಯಾಕಿನ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು, ಇನ್ನೊಬ್ಬರು ಬ್ರೇಕ್ ಒತ್ತಬೇಕು. ಒತ್ತಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಈ ಕಾರುಗಳಿಗೆ ಗ್ರೀಸ್ ನಿಪ್ಪಲುಗಳಿವೆ ಎಂಬುದನ್ನೇ ಇಂದಿನ ಸರ್ವೀಸ್ ಸ್ಟೇಷನ್‌ಗಳು ಮರೆತಿವೆ. ಒಂದೆರಡು ಸಾವಿರ ಕಿ.ಮೀ.ಗೊಮ್ಮೆ ಗ್ರೀಸ್ ಹೊಡೆಸಿದ ಕಿಂಗ್‌ಪಿನ್ ಬಹುಕಾಲ ಬಾಳುತ್ತದೆ, ಹೊಡೆಸದಿದ್ದರೆ ಬೇಗ ಸವೆಯುತ್ತದೆ. ಅಂಬಾಸಿಡರ್‌ನ ಮುಂಭಾಗ ಕುಸಿದಂತೆ ಕಂಡರೆ ಟಾರ್ಷನ್ ಬಾರ್‌ನ ಹೊಂದಾಣಿಕೆಯಿಂದ ಎತ್ತರ ಸರಿಪಡಿಸಿ, ಆಮೇಲೆ ಅಲೈನ್‌ಮೆಂಟಿಗೆ ಹೋಗಬೇಕು. ಹಿಂದುಮುಂದಾದರೆ ಎರಡೂ ವ್ಯರ್ಥ.

ಇನ್ನು ಶಾಖ. ಹಳೆಯ ಕಾರಿನ ಮಾಲೀಕರು ಹೆದ್ದಾರಿಗೆ ಹೆದರುವುದೇ ಇದಕ್ಕೆ. ಇಲ್ಲಿ ಪತ್ತೆಯ ಕೆಲಸ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ: ಯಾವಾಗ ಹೀಟ್ ಆಗುತ್ತದೆ? ಪೀಣ್ಯದ ಟ್ರಾಫಿಕ್ಕಿನಲ್ಲಿ ಏರಿ, ರಸ್ತೆ ಬಿಚ್ಚಿಕೊಂಡ ಮೇಲೆ ಇಳಿದರೆ ಫ್ಯಾನಿನ ಕಡೆ ನೋಡಬೇಕು. ಬೆಲ್ಟು ಜಾರುತ್ತಿದೆಯೇ, ಫ್ಯಾನಿನ ಸುತ್ತ ಗಾಳಿ ಹಿಡಿಯುವ ಕವಚ ಕಿತ್ತುಹೋಗಿದೆಯೇ? ಇಲ್ಲಿ ಎಲೆಕ್ಟ್ರಿಕ್ ಫ್ಯಾನ್ ನಿಜವಾಗಿ ನೆರವಾಗುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಊರೊಳಗೆ ತಣ್ಣಗಿದ್ದು, ಎಂಬತ್ತರಲ್ಲಿ ಅರ್ಧ ಗಂಟೆ ಓಡಿದ ಮೇಲೆ ನಿಧಾನವಾಗಿ ಏರುತ್ತ ಹೋದರೆ ಎಂಥ ಫ್ಯಾನ್ ಹಾಕಿದರೂ ಉಪಯೋಗವಿಲ್ಲ. ಆ ವೇಗದಲ್ಲಿ ಗಾಳಿ ತಾನಾಗಿ ಬರುತ್ತಿದೆ, ನೀರು ಹರಿಯುತ್ತಿಲ್ಲ. ರೇಡಿಯೇಟರಿನ ಕೊಳವೆಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿರುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರಿನ ಮೈಯನ್ನು ಅಡ್ಡಡ್ಡ ಅಳೆದರೆ ಕಟ್ಟಿಕೊಂಡ ಜಾಗ ತಣ್ಣಗಿರುವುದು ತಕ್ಷಣ ತಿಳಿಯುತ್ತದೆ. ಎಂಜಿನ್ ಬ್ಲಾಕಿನ ಹಿಂಬದಿಯ ಸಿಲಿಂಡರಿನ ಸುತ್ತ ತುಕ್ಕಿನ ಕೆಸರು ತಳಕಟ್ಟಿರುತ್ತದೆ. ಬ್ಲಾಕಿನ ಬಿಲ್ಲೆಗಳನ್ನು ತೆಗೆದು ತಂತಿ ಹಾಕಿ ಕೆದಕದೆ, ಹೊಸ ರೇಡಿಯೇಟರ್ ಕೂರಿಸಿದರೆ ಆ ಕೆಸರು ವಾರದೊಳಗೆ ಹೊಸದರಲ್ಲೂ ಸೇರುತ್ತದೆ.

ಇಷ್ಟಾದರೂ ಬಿಸಿ ಇಳಿಯದಿದ್ದರೆ ಕೆಳಗಿನ ಹೋಸನ್ನು ಗಮನಿಸಿ. ಅದು ಪಂಪು ನೀರನ್ನು ಎಳೆದುಕೊಳ್ಳುವ ಕಡೆ. ಮುದಿ ಹೋಸು ನಿಧಾನಗತಿಯಲ್ಲಿ ಗುಂಡಗೇ ಇರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಚಪ್ಪಟೆಯಾಗುತ್ತದೆ. ನಿಂತ ಕಾರಿನಲ್ಲಿ ಬಾನೆಟ್ ಎತ್ತಿ ಎಂಜಿನ್ ಏರಿಸಿ ನೋಡಿದವರಿಗಷ್ಟೇ ಇದು ಕಾಣುತ್ತದೆ. ಕೊನೆಗೆ ಟೈಮಿಂಗ್. ಇಗ್ನಿಷನ್ ತಡವಾದರೆ ಉರಿಯುವ ಅನಿಲದ ಶಾಖ ಪಿಸ್ಟನ್ನನ್ನು ತಳ್ಳುವ ಬದಲು ಸಿಲಿಂಡರ್ ಗೋಡೆಗೂ ಎಕ್ಸಾಸ್ಟಿಗೂ ಹೋಗುತ್ತದೆ. ರೇಡಿಯೇಟರ್ ಅಂಗಡಿಗೆ ಮೂರು ಸಲ ಹೋಗಿ ಬಂದ ಎಷ್ಟೋ ಕಾರುಗಳ ರೋಗ ಡಿಸ್ಟ್ರಿಬ್ಯೂಟರಿನಲ್ಲಿತ್ತು.

ರೇಡಿಯೇಟರ್ ಮುಚ್ಚಳವನ್ನು ಕಡೆಗಣಿಸುವವರೇ ಹೆಚ್ಚು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿಯ ಹತ್ತಿರ ಕುದಿಯುತ್ತದೆ. ಏಳು ಪೌಂಡ್ ಒತ್ತಡ ಹಿಡಿಯುವ ಮುಚ್ಚಳ ಸರಿಯಾಗಿ ಕೂತರೆ ಆ ಮಿತಿ ಹತ್ತು ಹನ್ನೆರಡು ಡಿಗ್ರಿ ಮೇಲೇರುತ್ತದೆ. ವಾಷರ್ ಸೆಟೆದ ಮುಚ್ಚಳ ಇಷ್ಟನ್ನೂ ಕಸಿಯುತ್ತದೆ. ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಅದರಿಂದ ಎಂಜಿನ್ ತನ್ನ ಸರಿಯಾದ ಬಿಸಿಗೆ ಬರಲು ತಡವಾಗಿ ಸವೆಯುತ್ತದೆ, ಮೂಲ ರೋಗ ಮರೆಯಾಗಿ ಕೂರುತ್ತದೆ. ರೇಡಿಯೇಟರ್ ಕ್ಲೀನಾದ ಮೇಲೆ ಹೊಸ ಥರ್ಮೋಸ್ಟಾಟನ್ನು ಹಾಕಿಸಲೇಬೇಕು.

ಬಿಸಿಯಾದ ಮೇಲೆ ಕಾರು ನಿಂತುಹೋಗುವುದು ಇನ್ನೊಂದು ಅಧ್ಯಾಯ. ದಾರಿಯಲ್ಲಿ ಕಾರು ಕೈಕೊಡುವುದು ಮೋಟಾರು ಕಾರಿನ ಮೊದಲ ದೂರದ ಪ್ರಯಾಣದಲ್ಲೇ ಎದುರಾಗಿತ್ತು. 1888ರಲ್ಲಿ ಬೆರ್ಟಾ ಬೆಂಜ್ ಇಬ್ಬರು ಮಕ್ಕಳೊಂದಿಗೆ ಗಂಡನ ಕಾರನ್ನು ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರು ಕಿ.ಮೀ.ಗೂ ಹೆಚ್ಚು ದೂರ, ಓಡಿಸಿಕೊಂಡು ಹೋದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ಬ್ರೇಕಿನ ಮರದ ದಿಮ್ಮಿ ಸವೆದಾಗ ಚಮ್ಮಾರನಿಂದ ತೊಗಲು ಹೊದಿಸಿದಳು. ಏರುದಾರಿಯಲ್ಲಿ ಕಾರು ಹತ್ತದೆ ತಳ್ಳಬೇಕಾಯಿತೆಂದು ತಿಳಿದ ಮೇಲೆ ಕಾರ್ಲ್ ಬೆಂಜ್ ಇನ್ನೊಂದು ಗೇರ್ ಸೇರಿಸಿದ. ದೋಷ ಹುಡುಕುವುದೂ ಸುಧಾರಿಸುವುದೂ ಅವತ್ತು ದಾರಿಯಲ್ಲೇ ಒಟ್ಟಿಗೆ ನಡೆದವು.

ನಿಂತ ಕಾರಿನ ಮುಂದೆ ಕೇಳಬೇಕಾದ್ದು: ಕಿಡಿ ಇಲ್ಲವೋ, ಪೆಟ್ರೋಲ್ ಇಲ್ಲವೋ? ಎಂಜಿನ್ ತಣಿಯುವ ಮೊದಲೇ ನೋಡಬೇಕು. ಕಾಲು ಗಂಟೆ ಬಿಟ್ಟು ನೋಡಿದರೆ ಎರಡೂ ಸರಿಯಾಗಿರುತ್ತವೆ, ಕಾರು ಸ್ಟಾರ್ಟ್ ಆಗುತ್ತದೆ, ಇಪ್ಪತ್ತು ಕಿ.ಮೀ. ಮುಂದೆ ಮತ್ತೆ ನಿಲ್ಲುತ್ತದೆ. ಪ್ಲಗ್ ಬಿಚ್ಚಿ, ಬ್ಲಾಕಿಗೆ ತಾಗಿಸಿ, ಸ್ಟಾರ್ಟರ್ ತಿರುಗಿಸಿದಾಗ ನೀಲಿ ಕಿಡಿ ಬಂದರೆ ಇಗ್ನಿಷನ್ ನಿರ್ದೋಷಿ. ಹೀಗೆ ಮಾಡುವಾಗ ಪೆಟ್ರೋಲ್ ವಾಸನೆ ಎಲ್ಲೂ ಇರಬಾರದು. ಕಿಡಿ ಹಳದಿಯಾಗಿದ್ದರೆ, ಅಥವಾ ಇಲ್ಲದಿದ್ದರೆ, ಕಾದಾಗ ಸೋಲುವ ಕಾಯಿಲ್ ಮತ್ತು ಕಂಡೆನ್ಸರ್ ಮೇಲೆ ಅನುಮಾನ. ಈಗ ಸಿಗುವ ಕಂಡೆನ್ಸರುಗಳ ಗುಣಮಟ್ಟ ಹಿಂದಿನಂತಿಲ್ಲ. ಪಾಯಿಂಟಿನ ಬದಲು ಡಿಸ್ಟ್ರಿಬ್ಯೂಟರಿನ ಒಳಗೇ ಅಡಗಿ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು ಒಳ್ಳೆಯ ಸುಧಾರಣೆ. ಹೊರಗೆ ಕಾಣುವುದಿಲ್ಲ, ಬೇಕಾದಾಗ ತೆಗೆಯಬಹುದು. ಹಳೆಯ ಪಾಯಿಂಟ್ ಮತ್ತು ಕಂಡೆನ್ಸರನ್ನು 0.4 ಮಿ.ಮೀ. ಫೀಲರ್ ಗೇಜಿನೊಂದಿಗೆ ಡಿಕ್ಕಿಯಲ್ಲಿ ಇಟ್ಟಿರಬೇಕು. ಎಲೆಕ್ಟ್ರಾನಿಕ್ ಭಾಗ ಸೋತರೆ ರಸ್ತೆಬದಿಯಲ್ಲಿ ಅದಕ್ಕೆ ರಿಪೇರಿಯಿಲ್ಲ.

ಕಿಡಿ ಚೆನ್ನಾಗಿದ್ದೂ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲಿನ ದಾರಿ ಹಿಡಿಯಿರಿ. ಮೊದಲು ಟ್ಯಾಂಕಿನ ಮುಚ್ಚಳ ತಿರುಗಿಸಿ. ಬುಸ್ಸೆಂದು ಗಾಳಿ ಒಳನುಗ್ಗಿದರೆ ಗಾಳಿಕಂಡಿ ಮುಚ್ಚಿದೆ ಎಂದರ್ಥ. ಪಂಪು ಎಳೆದೆಳೆದು ಟ್ಯಾಂಕಿನಲ್ಲಿ ನಿರ್ವಾತ ಮಾಡಿತ್ತು. ಅದಲ್ಲವಾದರೆ ವೇಪರ್ ಲಾಕ್. ಮೆಕ್ಯಾನಿಕಲ್ ಪಂಪು ಬಿಸಿ ಬ್ಲಾಕಿಗೇ ಅಂಟಿಕೊಂಡಿರುತ್ತದೆ. ಓಡುತ್ತಿರುವಷ್ಟು ಹೊತ್ತು ಗಾಳಿಯೂ ಹರಿಯುವ ಪೆಟ್ರೋಲೂ ಅದನ್ನು ತಣ್ಣಗಿಡುತ್ತವೆ. ಟೋಲಿನಲ್ಲಿ ನಿಂತ ಕೂಡಲೇ ಶಾಖ ಮೇಲೇರಿ ಕೊಳವೆಯಲ್ಲಿ ಆವಿ ತುಂಬುತ್ತದೆ, ಪಂಪು ಆವಿಯನ್ನು ತಳ್ಳಲಾರದು. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವ ಟ್ಯಾಕ್ಸಿ ಚಾಲಕರ ಉಪಾಯ ಅಚ್ಚ ವಿಜ್ಞಾನ. ಶಾಶ್ವತ ಪರಿಹಾರ ಬೇಕಿದ್ದವರು ಟ್ಯಾಂಕಿನ ಹತ್ತಿರ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪು ಹಾಕಿಸುತ್ತಾರೆ. ಎರಡು ಮೂರು ಪೌಂಡಿಗಿಂತ ಹೆಚ್ಚಾದರೆ ಕಾರ್ಬೊರೇಟರಿನ ನೀಡಲ್ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ. ಅಪಘಾತವಾದಾಗ ಪಂಪು ತಾನೇ ನಿಲ್ಲುವಂತೆ ಆಘಾತ ಸ್ವಿಚ್ಚಾಗಲಿ, ಆಯಿಲ್ ಪ್ರೆಷರ್ ಸ್ವಿಚ್ಚಾಗಲಿ ಇರಲೇಬೇಕು. ಅದಿಲ್ಲದ ಎಲೆಕ್ಟ್ರಿಕ್ ಪಂಪನ್ನು ನಾನು ಸುಧಾರಣೆ ಎಂದು ಒಪ್ಪುವುದಿಲ್ಲ.

ಪೆಟ್ರೋಲೇ ಬದಲಾಗಿರುವುದರಿಂದ ಹಳೆಯ ಪುಸ್ತಕಗಳ ಸಲಹೆ ಸಾಲದಾಗಿದೆ. ಸೀಸ ಬೆರೆಸಿದ ಪೆಟ್ರೋಲ್ ದೇಶದಾದ್ಯಂತ 2000ದ ಫೆಬ್ರುವರಿಯಲ್ಲಿ ನಿಂತಿತು. ಸೀಸ ಎಕ್ಸಾಸ್ಟ್ ವಾಲ್ವಿನ ಆಸನಕ್ಕೆ ಮೆತ್ತೆಯಂತಿತ್ತು. ಹೆಡ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಲೋಹದ ವಾಲ್ವ್ ಸೀಟ್ ಕೂರಿಸಿಬಿಡುವುದು ಹೆದ್ದಾರಿ ಓಟಕ್ಕೆ ಒಳಿತು. ನೂರಕ್ಕೆ 20 ಪಾಲು ಎಥನಾಲ್ ಇರುವ ಇ20 ಇಂಧನ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಗಿ ಈಗ ಎಲ್ಲ ಬಂಕುಗಳಿಗೂ ಬಂದಿದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ20ಗೆ ಹದಿಮೂರೂವರೆ ಸಾಕು. ಅಂದರೆ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಪಿಕಪ್ಪಿನಲ್ಲಿ ಎಡವುತ್ತದೆ, ಏರಿನಲ್ಲಿ ಹೆಚ್ಚು ಕಾಯುತ್ತದೆ. ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ, ಪ್ಲಗ್ಗಿನ ಬಣ್ಣ ನೋಡಿ ತೀರ್ಮಾನಿಸಬೇಕು: ತಿಳಿ ಕಂದು ಇದ್ದರೆ ಸರಿ, ಬೆಳ್ಳಗೆ ಸುಟ್ಟಂತಿದ್ದರೆ ಇನ್ನೂ ತೆಳು. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪಂಪಿನ ಡಯಾಫ್ರಮ್, ಹೋಸುಗಳು, ಕಾರ್ಬೊರೇಟರಿನ ಸೀಲುಗಳು ಎಥನಾಲ್ ತಾಳುವ ಬಗೆಯವಾಗಬೇಕು. ಅದು ನೀರನ್ನೂ ಹಿಡಿಯುತ್ತದೆ. ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಕಾರಿನ ತಳದಲ್ಲಿ ತುಕ್ಕು ಎದ್ದು, ಹೆದ್ದಾರಿಯ ಅಲುಗಾಟಕ್ಕೆ ಫಿಲ್ಟರಿಗೆ ಬಂದು ಸೇರುತ್ತದೆ. ಹಳೆಯ ಕಾರುಗಳಿಗಾಗಿ ಎಥನಾಲ್ ರಹಿತ ಪೆಟ್ರೋಲನ್ನು ಸಾಮಾನ್ಯ ಬೆಲೆಗೆ ಕೆಲವು ಬಂಕುಗಳಲ್ಲಾದರೂ ಉಳಿಸಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿದ್ಯುತ್ತಿನ ಲೆಕ್ಕ ಸರಳ. ಹಳೆಯ ಡೈನಮೋ ಕೊಡುವುದು ಹೆಚ್ಚೆಂದರೆ ಇಪ್ಪತ್ತರ ಆಸುಪಾಸಿನ ಆಂಪಿಯರ್. ಒಂದು ಜೊತೆ ಹ್ಯಾಲೊಜನ್ ಹೆಡ್‌ಲೈಟಿಗೆ ಒಂಬತ್ತು ಹತ್ತು, ಎಲೆಕ್ಟ್ರಿಕ್ ಫ್ಯಾನಿಗೆ ಅಷ್ಟೇ, ಜೊತೆಗೆ ವೈಪರ್, ಹಾರ್ನ್. ಮಳೆಗಾಲದ ರಾತ್ರಿಯಲ್ಲಿ ಬ್ಯಾಟರಿ ಸೋಲುತ್ತದೆ. ಆಲ್ಟರ್ನೇಟರ್ ಹಾಕಿಸಲು ಇದೇ ಸಾಕಷ್ಟು ಕಾರಣ. ಹಳೆಯ ಬ್ರಿಟಿಷ್ ವೈರಿಂಗಿನಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಬಾಡಿಗೆ ಅರ್ಥ್ ಆಗಿರಬಹುದು. ಅದನ್ನು ನೋಡದೆ ಆಲ್ಟರ್ನೇಟರ್ ಜೋಡಿಸಿದರೆ ಡಯೋಡುಗಳು ಕ್ಷಣದಲ್ಲಿ ಸುಡುತ್ತವೆ. ಲೈಟು ಮಂಕು ಎಂದು ಹೆಚ್ಚು ವ್ಯಾಟಿನ ಬಲ್ಬ್ ಹಾಕುವುದು ತಪ್ಪು ದಾರಿ. ಹಳೆಯ ತಂತಿ, ಹಳೆಯ ಸ್ವಿಚ್ಚಿನಲ್ಲಿ ಹತ್ತರಲ್ಲೊಂದು ಪಾಲು ವೋಲ್ಟೇಜ್ ಕಳೆದುಹೋದರೆ ಬೆಳಕಿನಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರ ಹೋಗುತ್ತದೆ. ಒಂದು ಜೊತೆ ರಿಲೇ, ಬ್ಯಾಟರಿಯಿಂದ ನೇರ ದಪ್ಪ ತಂತಿ, ಒಳ್ಳೆಯ ಅರ್ಥಿಂಗ್ ಕೊಟ್ಟರೆ ಅದೇ ಬಲ್ಬ್ ಶಿರಾದ ಕತ್ತಲಲ್ಲಿ ದಾರಿ ತೋರುತ್ತದೆ. ಇಡೀ ಕಾರಿಗೆ ಎರಡು ಮೂರು ಫ್ಯೂಸ್ ಇರುವ ಕಾಲದ ವೈರಿಂಗಿಗೆ ಹೊಸ ಫ್ಯೂಸ್ ಬಾಕ್ಸ್ ಸೇರಿಸುವುದು ಬೆಂಕಿಯಿಂದ ರಕ್ಷಣೆ.

ಅದುರಾಟದ ಮೂಲ ಹುಡುಕಲು ಉಪಕರಣ ಬೇಡ. ಎಪ್ಪತ್ತೆಂಬತ್ತರಲ್ಲಿ ಸ್ಟೀರಿಂಗ್ ನಡುಗಿ, ಇನ್ನೂ ವೇಗ ಏರಿಸಿದಾಗ ನಿಂತರೆ ವೀಲ್ ಬ್ಯಾಲೆನ್ಸಿಂಗ್. ನೇರ ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿದಾಗ ಎಂಜಿನ್ ಸುತ್ತಿನೊಂದಿಗೆ ಅದುರಾಟವೂ ಇಳಿದರೆ ಎಂಜಿನ್ ಮೌಂಟಿಂಗ್ ಕಡೆ ನೋಡಿ. ಹಾಗಲ್ಲದೆ ವೇಗದ ಜೊತೆಗೇ ಮುಂದುವರಿದರೆ ಚಕ್ರ, ಪ್ರೊಪೆಲ್ಲರ್ ಶಾಫ್ಟ್. ಜೋರಾಗಿ ಎಳೆಯುವಾಗ ಮಾತ್ರ ಗುಂಯ್ಗುಟ್ಟಿದರೆ ಯೂನಿವರ್ಸಲ್ ಜಾಯಿಂಟ್. ಡಿಫರೆನ್ಷಿಯಲ್ಲಿನ ಊಳು ಬೇರೆಯದು. ಆಕ್ಸಿಲರೇಟರ್ ಒತ್ತಿದಾಗೊಂದು, ಬಿಟ್ಟಾಗೊಂದು ರಾಗ.

ಗೇರಿನ ಅನುಪಾತ ಬದಲಿಸುವುದು ಆಸೆ ಹುಟ್ಟಿಸುವ ವಿಷಯ. ಪದ್ಮಿನಿಯ ನಾಲ್ಕನೇ ಗೇರಿನಲ್ಲಿ, ಮೂಲ 4.3 ಅನುಪಾತದ ಡಿಫರೆನ್ಷಿಯಲ್ ಇದ್ದರೆ, 80 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಮೂರು ಸಾವಿರದ ಮೇಲೆ ಸುತ್ತುತ್ತದೆ. ಐದನೇ ಗೇರ್ ಇದ್ದರೆ ಅದು ಇಳಿಯುತ್ತದೆ, ಕಿವಿಗೆ ಹಿತ. ಅಂಬಾಸಿಡರ್‌ಗೆ 1990ರ ದಶಕದಲ್ಲಿ 1.8 ಲೀಟರಿನ ಇಸುಜು ಎಂಜಿನ್ ಐದು ಗೇರಿನೊಂದಿಗೆ ಬಂದಾಗ ಅದು ನಿಜವಾಗಿ ಹೆದ್ದಾರಿಯ ಕಾರಾಯಿತು. ಹಳೆಯ ಅಂಬಾಸಿಡರ್‌ಗೆ ಆ ವಂಶದ್ದೇ ಆದ ಆ ಎಂಜಿನ್ನನ್ನು ಕಾಗದಪತ್ರ ಸಮೇತ ಹಾಕಿಸಿಕೊಂಡವರನ್ನು ನಾನು ದೂರುವುದಿಲ್ಲ. ಆದರೆ 1960ರ ದಶಕದ ಅಖಂಡ ಕಾರೊಂದರ ಮೂಲ ಎಂಜಿನ್ ಇಳಿಸಿ ಗುಜರಿಗೆ ಹಾಕುವುದನ್ನು ಒಪ್ಪಲಾರೆ. ಅಂಥವು ಇನ್ನೆಷ್ಟು ಉಳಿದಿವೆ? ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾಡಾದ ಕಾರ್ಖಾನೆ 2014ರಲ್ಲಿ ನಿಂತಿತು, ಕುರ್ಲಾದ ಪ್ರೀಮಿಯರ್ ಅದಕ್ಕಿಂತ ಬಹಳ ಮೊದಲೇ ಪದ್ಮಿನಿಯನ್ನು ನಿಲ್ಲಿಸಿತು. ಇಳಿಸಿದ ಎಂಜಿನ್ ಮತ್ತೆ ಬರುವುದಿಲ್ಲ. ಎಸಿಯ ಮಾತೂ ಹಾಗೆಯೇ. ಕಂಪ್ರೆಸರ್ ಮೂರು ನಾಲ್ಕು ಅಶ್ವಶಕ್ತಿ ತಿನ್ನುತ್ತದೆ, ಕಂಡೆನ್ಸರ್ ರೇಡಿಯೇಟರಿನ ಗಾಳಿಗೆ ಅಡ್ಡ ನಿಲ್ಲುತ್ತದೆ. ಬಾಗಿಲಿನ ಹೊಸ ಬೀಡಿಂಗ್, ನೆಲಕ್ಕೆ ದಪ್ಪ ಫೆಲ್ಟ್, ಸೀಟಿನ ಸ್ಪ್ರಿಂಗುಗಳ ದುರಸ್ತಿ ಮತ್ತು ಸೀಟ್ ಬೆಲ್ಟು, ಇವುಗಳಿಂದ ಸಿಗುವ ಸುಖ ಅಗ್ಗವೂ ಹೌದು, ಬಾಳಿಕೆಯದ್ದೂ ಹೌದು. ಬೆಲ್ಟಿನ ಬೋಲ್ಟು ಬರಿಯ ತಗಡಿಗಲ್ಲ, ಹಿಂಬದಿಯಲ್ಲಿ ದಪ್ಪ ಪಟ್ಟಿಯಿಟ್ಟು ಕೂರಲಿ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಇನ್ನೂ ಆಸರೆ. ಭಾಗ ಸಿಕ್ಕರೂ ಕೈ ಸಿಗುವುದು ಕಷ್ಟವಾಗುತ್ತಿದೆ. ಡಿಸ್ಟ್ರಿಬ್ಯೂಟರಿನೊಳಗಿನ ಅಡ್ವಾನ್ಸ್ ತೂಕಗಳು ತುಕ್ಕು ಹಿಡಿದು ನಿಂತರೆ ಕಾರು ಊರೊಳಗೆ ಸರಿಯಾಗಿಯೇ ಓಡುತ್ತದೆ, ಹೆದ್ದಾರಿಯಲ್ಲಿ ಮಾತ್ರ ಎಳೆಯುವುದಿಲ್ಲ. ಟೈಮಿಂಗ್ ಲೈಟ್ ಹಿಡಿದು ಅದನ್ನು ಕಂಡುಹಿಡಿಯುವ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ಅವರ ಬಳಿ ಕೂತು ಕಲಿಯುವ ಹುಡುಗರಿಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ಕಂಡು ಬೆರಗಾಗುವ ಮಕ್ಕಳಿಗೆ ಅವುಗಳ ಕಾರ್ಬೊರೇಟರ್ ಬಿಚ್ಚಿ ಕೂಡಿಸಲು ಕಲಿಸುವ ಕಮ್ಮಟಗಳು ನಮ್ಮ ಐಟಿಐಗಳಲ್ಲಿ ನಡೆಯಬೇಕು. ಮಾಲೀಕರು ಇಂಥ ಮೇಸ್ತ್ರಿಗಳ ಪಕ್ಕ ನಿಂತು ಕೆಲಸ ನೋಡಲಿ, ಬರೆದಿಟ್ಟುಕೊಳ್ಳಲಿ, ಫೋನಿನಲ್ಲಿ ಚಿತ್ರೀಕರಿಸಲಿ.

ಕೆಲಸ ಮುಗಿದ ಕಾರನ್ನು ಮೊದಲ ದಿನವೇ ಮಂಗಳೂರಿಗೆ ಒಯ್ಯುವುದಲ್ಲ. ಮೊದಲು ನೆಲಮಂಗಲದ ತನಕ, ನಂತರ ತುಮಕೂರು, ಆಮೇಲೆ ಶಿರಾ ದಾಟಿ ಹಿರಿಯೂರು. ಪ್ರತಿ ನಿಲುಗಡೆಯಲ್ಲಿ ನಾಲ್ಕೂ ಹಬ್ಬುಗಳ ಬಿಸಿ ಅಳೆದು ಹೋಲಿಸಿ. ಒಂದು ಬೇರೆಯಾಗಿದ್ದರೆ ಅಲ್ಲೇ ಬ್ರೇಕು ಅಥವಾ ಬೇರಿಂಗ್ ಕರೆಯುತ್ತಿದೆ. ಕಾರಿನಡಿ ಹಾಳೆ ಹಾಸಿ ಯಾವ ಹನಿ ಎಲ್ಲಿ ಬಿದ್ದಿದೆ ನೋಡಿ, ವೀಲ್ ನಟ್ಟುಗಳನ್ನೂ ಹೋಸ್ ಕ್ಲಿಪ್ಪುಗಳನ್ನೂ ಒಮ್ಮೆ ಬಿಗಿ ಮಾಡಿ. ಫ್ಯಾನ್ ಬೆಲ್ಟು, ಹೋಸು, ಪಾಯಿಂಟ್, ಕಂಡೆನ್ಸರ್, ಒಂದು ಕಾಯಿಲ್, ಬ್ರೇಕ್ ಆಯಿಲ್, ಐದು ಲೀಟರ್ ನೀರು ಡಿಕ್ಕಿಯಲ್ಲಿರಲಿ. ಹಿರಿಯೂರಿನಿಂದ ಹಿಂದಿರುಗಿ ಬಂದ ಮೇಲೂ ನೀರಿನ ಮಟ್ಟ, ಎಣ್ಣೆಯ ಮಟ್ಟ ಹೊರಟಾಗ ಇದ್ದಲ್ಲೇ ಇದ್ದರೆ ಶಿರಾಡಿಯ ದಾರಿ ಹಿಡಿಯಬಹುದು. ಸಕಲೇಶಪುರ ದಾಟಿ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ.